ಕಲ್ಲಿನ ಶಾಸನದಿಂದ ಕಂಪ್ಯೂಟರ್ ಪಹಣಿಯವರೆಗೆ

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದರು. ಕಂಪ್ಯೂಟರ್ ಬಗ್ಗೆ ಹೇಳುವವರು ಈಗ ಮನೆಗೊಬ್ಬರು ಇದ್ದಾರೆ. ಆದ್ದರಿಂದ ನಾನು ಆ ಕಂಪ್ಯೂಟರ್ ಒಳಗೆ ಮಾಡುವ ಕೆಲಸದ ಬಗ್ಗೆ ಹೇಳುತ್ತೇನೆ. ಒಂದು ದಾಖಲೆಯನ್ನು ಯಾರು ಬರೆದರು, ಯಾವಾಗ ಬರೆದರು, ಬರೆದ ಮೇಲೆ ಯಾರಾದರೂ ತಿದ್ದಿದರೇ ಎಂಬುದನ್ನು ಪತ್ತೆ ಹಚ್ಚುವ ತಂತ್ರಾಂಶ ಬರೆಯುವುದು ನನ್ನ ಹೊಟ್ಟೆಪಾಡು. ಇದು ಹೊಸ ವಿದ್ಯೆ ಎಂದು ನಾನೂ ತಿಳಿದಿದ್ದೆ. ಓದುತ್ತಾ ಹೋದಂತೆ ಗೊತ್ತಾಯಿತು: ಇದೇ ಪ್ರಶ್ನೆಗಳಿಗೆ ನಮ್ಮ ಪಕ್ಕದ ಕಲ್ಯಾಣದಲ್ಲಿ ಸುಮಾರು 900 ವರ್ಷಗಳ ಹಿಂದೆಯೇ ಉತ್ತರ ಬರೆದಿಟ್ಟಿದ್ದಾರೆ.

ಮೊದಲು ನಮ್ಮದೇ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗೋಣ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳ ಶಿಲ್ಪವಿದೆ. ಜನ ಅವಳನ್ನು ಶಾಸನ ಸುಂದರಿ ಎನ್ನುತ್ತಾರೆ. ಬೇರೆ ಗುಡಿಗಳ ಮದನಿಕೆಯರು ಕನ್ನಡಿ ನೋಡುತ್ತಾರೆ, ಕುಣಿಯುತ್ತಾರೆ, ಗಿಳಿಯ ಜೊತೆ ಮಾತಾಡುತ್ತಾರೆ. ನಮ್ಮ ತಾಲ್ಲೂಕಿನ ಹೆಣ್ಣುಮಗಳು ಬರೆಯುತ್ತಾಳೆ. ಅವಳು ಬರೆಯುತ್ತಿರುವುದು ಕಲ್ಯಾಣದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಒಂದು ಸಂಸ್ಕೃತ ಶ್ಲೋಕ. ಬರೆಯುವ ಕೆಲಸವನ್ನು ಗುಡಿಯ ಗೋಡೆಯ ಮೇಲೆ ಕೆತ್ತಿಸುವಷ್ಟು ಗೌರವದಿಂದ ಕಂಡ ಸೀಮೆ ನಮ್ಮದು. ಇಲ್ಲಿ ಕುಳಿತ ಹುಡುಗಿಯರು ಒಮ್ಮೆ ಹೋಗಿ ಅವಳನ್ನು ನೋಡಿ ಬನ್ನಿ.

ಈ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಪಟ್ಟಕ್ಕೆ ಬಂದವನೇ ತನ್ನ ಹೆಸರಿನ ಹೊಸ ಶಕೆಯನ್ನೇ ಆರಂಭಿಸಿದ. ಅದಕ್ಕೇ ಅವನ ಕಾಲದ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷ ಎಂದು ಬರುತ್ತದೆ. ಅವನ ರಾಜ್ಯ ದೊಡ್ಡದು. ಆದರೆ ಅದರೊಳಗೆ ಮಹಾಮಂಡಲೇಶ್ವರರೆಂಬ ಸಾಮಂತರ ಸಣ್ಣ ಸಣ್ಣ ರಾಜ್ಯಗಳಿದ್ದವು. ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಒಂದು ಕೆಲಸ ಸಮಾನ. ಭೂಮಿ ಯಾರದ್ದು, ಸುಂಕ ಎಷ್ಟು, ದಾನ ಯಾರಿಗೆ ಎಂಬುದನ್ನು ಬರೆದಿಡಲೇಬೇಕು.

ಬರೆಯುವವರು ಯಾರು? ಊರ ಮಟ್ಟದಲ್ಲಿ ಸೇನಬೋವ. ಇದೇ ಶಬ್ದ ಸವೆದು ಸವೆದು ಮುಂದೆ ಶಾನಭೋಗ ಆಯಿತು. ಲೆಕ್ಕ ಬರೆಯುವವನು ಕರಣ ಅಥವಾ ಕರಣಿಕ. ಕಡಿತಗಳನ್ನು, ಅಂದರೆ ದಫ್ತರದ ಪುಸ್ತಕಗಳನ್ನು, ನೋಡಿಕೊಳ್ಳುವ ಮೇಲಧಿಕಾರಿ ಕಡಿತವೆರ್ಗಡೆ. ಅರಮನೆಯ ಮಟ್ಟದಲ್ಲಿ ಸಂಧಿವಿಗ್ರಹಿ. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಯುದ್ಧ. ಪರರಾಜರೊಡನೆ ವ್ಯವಹರಿಸುವ ಮಂತ್ರಿ ಇವನು. ರಾಜಶಾಸನ ಬರೆಸುವ ಹೊಣೆಯೂ ಇವನದೇ. ಯಾಕೆಂದರೆ ರಾಜನ ಮಾತನ್ನು ತೂಕ ತಪ್ಪದಂತೆ ಬರೆಯುವ ಅಭ್ಯಾಸ ಅವನಿಗೇ ಹೆಚ್ಚು. ಬೇರೆ ಬೇರೆ ಸೀಮೆಗೆ ಬೇರೆ ಬೇರೆ ಸಂಧಿವಿಗ್ರಹಿ ಇರುತ್ತಿದ್ದ. ಕನ್ನಡ ಸಂಧಿವಿಗ್ರಹಿ ಎಂಬ ಹುದ್ದೆಯ ಹೆಸರೇ ಶಾಸನಗಳಲ್ಲಿ ಸಿಗುತ್ತದೆ.

ಈಗ ಒಂದು ದಾನಶಾಸನ ಹೇಗೆ ತಯಾರಾಗುತ್ತಿತ್ತು ನೋಡಿ. ಸ್ವಸ್ತಿ ಎಂದು ಆರಂಭ. ಆಮೇಲೆ ಆಳುವ ಚಕ್ರವರ್ತಿಯ ಬಿರುದು, ಹೆಸರು. ಅವನ ಕೆಳಗಿನ ಸಾಮಂತನ ಹೆಸರು. ಆಮೇಲೆ ದಿನಾಂಕ. ದಾನ ಕೊಟ್ಟವರು, ಪಡೆದವರು. ಭೂಮಿ ಎಷ್ಟು ಮತ್ತರು, ಯಾವ ಅಳತೆಯ ಕೋಲಿನಿಂದ ಅಳೆದದ್ದು. ನಾಲ್ಕು ದಿಕ್ಕಿನ ಚಕ್ಕುಬಂದಿ: ಮೂಡಣಕ್ಕೆ ಹಳ್ಳ, ತೆಂಕಣಕ್ಕೆ ದಾರಿ, ಪಡುವಣಕ್ಕೆ ಹುಣಸೆಮರ, ಬಡಗಣಕ್ಕೆ ನೆಟ್ಟ ಕಲ್ಲು, ಹೀಗೆ. ಸಾಕ್ಷಿಗಳು. ಕೆಡಿಸಿದವರಿಗೆ ಶಾಪ, ಕಾಪಾಡಿದವರಿಗೆ ಪುಣ್ಯ. ಕೊನೆಗೆ ಬರೆದವನ ಹೆಸರು, ಕೆತ್ತಿದವನ ಹೆಸರು, ಮಂಗಳ ಮಹಾಶ್ರೀ. ಸೇನಬೋವ ಬರೆದುಕೊಟ್ಟ ಅಕ್ಷರಗಳನ್ನು ರೂವಾರಿ ಉಳಿ ಹಿಡಿದು ಕಂಡರಿಸುತ್ತಿದ್ದ.

ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು ಇರುವುದನ್ನು ನೀವು ನೋಡಿರಬಹುದು. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಓದು ಬಾರದ ರೈತನಿಗೂ ಇದು ಸರ್ಕಾರಿ ಕಲ್ಲು, ಮುಟ್ಟಬಾರದು ಎಂದು ಆ ಚಿತ್ರ ಹೇಳುತ್ತಿತ್ತು. ಶಿವಾಲಯದ ಭೂಮಿಯ ಗಡಿಗೆ ಲಿಂಗಮುದ್ರೆಯ ಕಲ್ಲು, ಜೈನ ಬಸದಿಯ ಭೂಮಿಗೆ ಮುಕ್ಕೊಡೆ ಕಲ್ಲು, ವೈಷ್ಣವರದಕ್ಕೆ ವಾಮನಮುದ್ರೆಯ ಕಲ್ಲು.

ದಿನಾಂಕದ ವಿಷಯಕ್ಕೆ ಬರುತ್ತೇನೆ. ಎಂಜಿನಿಯರನಾದ ನನಗೆ ಬಹಳ ಹಿಡಿಸಿದ ಭಾಗ ಇದು. ನಾವು ದಿನಾಂಕ ಬರೆಯುವಾಗ ದಿನ, ತಿಂಗಳು, ವರ್ಷ ಬರೆದು ಬಿಡುತ್ತೇವೆ. ಸೇನಬೋವ ಹಾಗೆ ಬಿಡುತ್ತಿರಲಿಲ್ಲ. ಶಕ ವರ್ಷವನ್ನೋ ವಿಕ್ರಮ ವರ್ಷವನ್ನೋ ಹೇಳಿ, 60 ಸಂವತ್ಸರಗಳಲ್ಲಿ ಆ ವರ್ಷದ ಹೆಸರು ಹೇಳಿ, ಮಾಸ, ಪಕ್ಷ, ತಿಥಿ, ವಾರ ಹೇಳಿ, ಸಂಕ್ರಾಂತಿಯೋ ಗ್ರಹಣವೋ ಇದ್ದರೆ ಅದನ್ನೂ ಸೇರಿಸುತ್ತಿದ್ದ. ಒಂದೇ ದಿನವನ್ನು ಆರೇಳು ರೀತಿಯಲ್ಲಿ ಹೇಳುವುದು ಯಾಕೆ? ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಕಂಪ್ಯೂಟರ್‌ನಲ್ಲಿ ನಾವು ಇದನ್ನೇ ಚೆಕ್‌ಸಮ್ ಎನ್ನುತ್ತೇವೆ. ಸುಳ್ಳು ಶಾಸನ ಹುಟ್ಟಿಸುವವನು ವರ್ಷವನ್ನು ಹಿಂದಕ್ಕೆ ಹಾಕಬಹುದು. ಆ ವರ್ಷದ ಆ ತಿಥಿ ಯಾವ ವಾರ ಬಿತ್ತೆಂದು ಲೆಕ್ಕ ಹಾಕುವುದು ಅವನಿಗೆ ಕಷ್ಟ. ಬ್ರಿಟಿಷರ ಕಾಲದಲ್ಲಿ ಫ್ಲೀಟ್ ಎಂಬ ವಿದ್ವಾಂಸರು ಅಕ್ಷರದ ವರಸೆ ನೋಡಿ, ತಿಥಿವಾರ ಲೆಕ್ಕ ಹಾಕಿ, ಹಲವು ತಾಮ್ರಪಟಗಳು ಕೃತಕವೆಂದು ತೋರಿಸಿದರು. ಕಳ್ಳ ದಾಖಲೆ ನಮ್ಮ ಕಾಲದಲ್ಲೇ ಹುಟ್ಟಿದ್ದಲ್ಲ.

ಇಷ್ಟೆಲ್ಲ ರಾಜರ ದಾನದ ಮಾತಾಯಿತು. ನಮ್ಮಂಥ ಸಾಮಾನ್ಯ ಜನರ ಸಾಲಪತ್ರ, ಕರಾರುಪತ್ರಗಳ ಗತಿ ಏನು? ಅದಕ್ಕೆ ವಿಜ್ಞಾನೇಶ್ವರನನ್ನು ಕೇಳಬೇಕು. ಇವನು ಇದೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ. ಕಲಬುರಗಿ ಜಿಲ್ಲೆಯ ಮರ್ತೂರಿನವನೆಂದು ವಿದ್ವಾಂಸರು ಗುರುತಿಸುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಟೀಕೆಯೇ ಮಿತಾಕ್ಷರ. ಆಸ್ತಿ ಹಂಚಿಕೆಯ ವಿಷಯದಲ್ಲಿ ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ಕೋರ್ಟುಗಳು ಮೊನ್ನೆ ಮೊನ್ನೆಯವರೆಗೆ ಇದನ್ನೇ ಆಧಾರವಾಗಿ ಹಿಡಿದವು. ನಮ್ಮ ಪಕ್ಕದ ಊರಿನಲ್ಲಿ ಕೂತು ಬರೆದ ಪುಸ್ತಕ ಅದು.

ಅದರಲ್ಲಿ ದಾಖಲೆಗಳ ಬಗ್ಗೆಯೇ ಒಂದು ಪ್ರಕರಣವಿದೆ. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದಾಖಲೆಯಲ್ಲಿ ಎರಡು ಬಗೆ: ರಾಜನದು ಶಾಸನ, ಜನರದು ಜಾನಪದ. ಜನರ ಪತ್ರದಲ್ಲಿ ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಇಬ್ಬರ ಹೆಸರು, ತಂದೆಯ ಹೆಸರು ಇರಬೇಕು. ಬರೆದು ಮುಗಿದ ಮೇಲೆ ಸಾಲಗಾರ ತನ್ನ ಕೈಯಿಂದಲೇ ಮೇಲೆ ಬರೆದದ್ದು ನನಗೆ ಒಪ್ಪಿಗೆ ಎಂದು ಬರೆಯಬೇಕು. ಸಾಕ್ಷಿದಾರರು ತಂದೆಯ ಹೆಸರು ಸಹಿತ ತಮ್ಮ ಕೈಬರಹ ಹಾಕಬೇಕು. ಕಟ್ಟಕಡೆಗೆ ಬರಹಗಾರ, ಇಬ್ಬರೂ ಕೇಳಿಕೊಂಡದ್ದರಿಂದ ಇಂಥವರ ಮಗ ಇಂಥವನಾದ ನಾನು ಇದನ್ನು ಬರೆದೆ ಎಂದು ಬರೆಯಬೇಕು. ಸಾಲಗಾರನಿಗೆ ಅಕ್ಷರ ಬಾರದಿದ್ದರೆ ಎಲ್ಲ ಸಾಕ್ಷಿಗಳ ಎದುರಿಗೆ ಇನ್ನೊಬ್ಬರಿಂದ ತನ್ನ ಒಪ್ಪಿಗೆ ಬರೆಸಬೇಕು. ಸಾಲದ ಕಂತು ಕೊಟ್ಟಾಗಲೆಲ್ಲ ಪತ್ರದ ಬೆನ್ನ ಮೇಲೆ ಬರೆಯಬೇಕು. ಸಾಲ ತೀರಿದ ಮೇಲೆ ಪತ್ರ ಹರಿಯಬೇಕು. ಪತ್ರ ಸುಟ್ಟರೆ, ಕಳುವಾದರೆ, ಅಕ್ಷರ ಅಳಿಸಿದರೆ ಹೊಸದು ಮಾಡಿಸಬೇಕು. ಬಲಾತ್ಕಾರದಿಂದಲೋ ಮೋಸದಿಂದಲೋ ಬರೆಸಿಕೊಂಡ ಪತ್ರ ಪತ್ರವೇ ಅಲ್ಲ. ರಾಜಶಾಸನವನ್ನು ಬರೆಯುವಾಗ ಇದ್ದದ್ದಕ್ಕಿಂತ ಕಡಿಮೆ ಅಥವಾ ಹೆಚ್ಚು ಬರೆದವನಿಗೆ ಅತಿ ಹೆಚ್ಚಿನ ದಂಡ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಅದು 1080 ಪಣ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ತಾಗಿದ ಮಾತು ಇನ್ನೊಂದಿದೆ. ರಾಜಶಾಸನವಾದರೆ ಶುದ್ಧ ಸಂಸ್ಕೃತದಲ್ಲಿ ಇರಬೇಕು ಎಂಬ ಕಟ್ಟಳೆ ಇದ್ದೀತು. ಜನರ ಪತ್ರಕ್ಕೆ ಆ ಕಟ್ಟಳೆ ಇಲ್ಲ, ಅದು ಅವರವರ ನಾಡಿನ ಭಾಷೆಯಲ್ಲಿ ಇರಬಹುದು ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ಸ್ವತಃ ಸಂಸ್ಕೃತದಲ್ಲಿ ಬರೆಯುವ ಮಹಾಪಂಡಿತ ಹೇಳುವ ಮಾತು ಇದು. ಯಾರ ಹೊಲದ ಮಾತು ಪತ್ರದಲ್ಲಿದೆಯೋ ಅವನಿಗೆ ಅದು ತಿಳಿಯಬೇಕು. ನಾನು ಈ ದಿನ ಹೇಳಬೇಕೆಂದು ಬಂದ ಮಾತು ಇದೊಂದೇ. ದಾಖಲೆಯ ಬಲವನ್ನು ನಾವು ಮುದ್ರೆಯಲ್ಲಿ, ಸಹಿಯಲ್ಲಿ, ಕಾಗದದ ಬೆಲೆಯಲ್ಲಿ ಹುಡುಕುತ್ತೇವೆ. ಅದರ ಅರ್ಧ ಬಲ ಓದುವವನಲ್ಲಿದೆ.

ಕಲ್ಯಾಣದಲ್ಲಿ ಬಿಜ್ಜಳ ಅಧಿಕಾರಕ್ಕೆ ಬಂದು ಬಸವಣ್ಣನವರು ಇದ್ದ ಕಾಲದಲ್ಲಿ ಹೊರಗಿನ ಜಗತ್ತಿನಲ್ಲಿ ಏನು ನಡೆದಿತ್ತು? ಇಟಲಿಯ ಸಮುದ್ರದಂಡೆಯಲ್ಲಿ ಜಿನೋವಾ ಎಂಬ ವ್ಯಾಪಾರದ ನಗರವಿತ್ತು. ರಾಜನಿಲ್ಲದ, ತನ್ನನ್ನು ತಾನೇ ಆಳಿಕೊಳ್ಳುವ ಸಣ್ಣ ರಾಜ್ಯ. ಅಲ್ಲಿ ನೋಟರಿಗಳಿದ್ದರು. ಹಡಗಿನ ಪಾಲುದಾರಿಕೆ, ಸಾಲ, ಮದುವೆಯ ಕೊಡುಗೆ, ಮರಣಪತ್ರ, ಎಲ್ಲವನ್ನೂ ಅವರು ತಮ್ಮ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಜೊವಾನ್ನಿ ಸ್ಕ್ರಿಬಾ ಎಂಬ ನೋಟರಿ 1154ರಿಂದ 1164ರವರೆಗೆ ಬರೆದ ಪುಸ್ತಕ ಇಂದಿಗೂ ಉಳಿದಿದೆ. ಉಳಿದಿರುವ ನೋಟರಿ ಪುಸ್ತಕಗಳಲ್ಲಿ ಅದೇ ಅತ್ಯಂತ ಹಳೆಯದು. ಅಲ್ಲಿ ಬರವಣಿಗೆ ಲ್ಯಾಟಿನ್ ಭಾಷೆಯಲ್ಲಿ. ನಮ್ಮಲ್ಲಿ ಅದೇ ಹೊತ್ತಿಗೆ ಊರೂರಿನ ಕಲ್ಲುಗಳ ಮೇಲೆ ಗಡಿ, ಅಳತೆ, ಸುಂಕದ ವಿವರಗಳು ಕನ್ನಡದಲ್ಲೇ ಬರುತ್ತಿದ್ದವು. ಹೊಗಳಿಕೆ ಸಂಸ್ಕೃತದಲ್ಲಿ ಇದ್ದರೂ ಹೊಲದ ಗಡಿ ಕನ್ನಡದಲ್ಲಿ. ಯಾಕೆಂದರೆ ಗಡಿಯ ಮೇಲೆ ಜಗಳವಾದಾಗ ಬಂದು ನಿಲ್ಲುವವರು ಕನ್ನಡದ ಒಕ್ಕಲಿಗರು.

ಬಸವಣ್ಣನವರ ಹೆಸರು ಬಂತು. ಅವರು ಮಂಗಳವಾಡದಲ್ಲಿ ಕರಣಿಕರಾಗಿ ಕೆಲಸ ಆರಂಭಿಸಿ ಆಮೇಲೆ ಬಿಜ್ಜಳನ ಭಂಡಾರಿಯಾದರು ಎಂದು ನಮ್ಮ ಪರಂಪರೆ ಹೇಳುತ್ತದೆ. ನಾವು ಅವರನ್ನು ದೇವರ ಜಗುಲಿಯ ಮೇಲೆ ಇಟ್ಟು, ಅವರು ದಿನವೂ ಲೆಕ್ಕ ಬರೆಯುತ್ತಿದ್ದ ಮನುಷ್ಯ ಎಂಬುದನ್ನು ಮರೆಯುತ್ತೇವೆ. ಭಂಡಾರದ ಒಂದು ಹಾಗವೂ ತಪ್ಪದಂತೆ ಲೆಕ್ಕ ಒಪ್ಪಿಸುವುದು ಅವರಿಗೆ ಕಾಯಕವಾಗಿತ್ತು. ಇನ್ನೊಂದು ಸಂಗತಿ. ಬಸವಣ್ಣನವರ ಬಗ್ಗೆ ಪುರಾಣ, ರಗಳೆಗಳು ಬಹಳ ಇವೆ. ಇವು ಬರೀ ಕಥೆಯೇ ಎಂದು ಕೇಳಿದವರಿಗೆ ಉತ್ತರವಾಗಿ ನಿಂತದ್ದು ಕಲ್ಲು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವಿದೆ. ಅದರಲ್ಲಿ ಸಂಗನಬಸವ ಎಂದು ಅವರ ಉಲ್ಲೇಖವಿದೆ. ಯಾರೋ ಒಬ್ಬ ಸೇನಬೋವ ತನ್ನ ಕೆಲಸ ಸರಿಯಾಗಿ ಮಾಡಿದ್ದರಿಂದ ನಮಗೆ ಆ ಸಾಕ್ಷಿ ಉಳಿಯಿತು.

ಇನ್ನು ನಮ್ಮ ಜಿಲ್ಲಾ ಕೇಂದ್ರಕ್ಕೆ ಬರೋಣ. ಬೀದರಿನಲ್ಲಿ ಮಹಮೂದ್ ಗವಾನರ ಮದರಸಾವನ್ನು ನೀವು ಪ್ರವಾಸದಲ್ಲಿ ನೋಡಿದ್ದೀರಿ. 1472ರಲ್ಲಿ ಕಟ್ಟಿದ್ದು. ಇರಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಗವಾನರು ದೊಡ್ಡ ವಿದ್ವಾಂಸರು. ಅವರು ಬರೆದ ಪತ್ರಗಳ ಸಂಗ್ರಹಕ್ಕೆ ರಿಯಾಜ್ ಉಲ್ ಇನ್ಶಾ ಎಂದು ಹೆಸರು. ಪತ್ರಗಳನ್ನು, ಫರ್ಮಾನುಗಳನ್ನು ಹೇಗೆ ಬರೆಯಬೇಕೆಂದು ಕಲಿಸುವ ಮನಾಜಿರ್ ಉಲ್ ಇನ್ಶಾ ಎಂಬ ಪುಸ್ತಕವನ್ನೂ ಅವರು ಬರೆದರು. ಸರ್ಕಾರಿ ದಾಖಲೆ ಬರೆಯುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಆ ಕಾಲದ ದಖನ್ನಿನಲ್ಲಿ ಇರಲಿಲ್ಲ ಎನ್ನಬೇಕು.

ಅಂಥವರ ಸಾವು ಹೇಗೆ ಬಂತು ಗೊತ್ತೇ? ಇತಿಹಾಸಕಾರ ಫಿರಿಸ್ತಾ ಹೇಳುವ ಪ್ರಕಾರ, ಅವರ ಮುದ್ರೆ ಕಾಯುತ್ತಿದ್ದ ಆಳಿಗೆ ವಿರೋಧಿಗಳು ಕುಡಿಸಿ, ಖಾಲಿ ಕಾಗದದ ಮೇಲೆ ಗವಾನರ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಖಾಲಿ ಜಾಗದಲ್ಲಿ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಒಡಿಶಾದ ರಾಜನನ್ನು ಕರೆಯುವ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನಿಮ್ಮದೇ ಏನು ಎಂದು ಸುಲ್ತಾನ ಕೇಳಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದರು ಗವಾನರು. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ಹಿರಿಯರ ತಲೆ ಹೋಯಿತು. ಅವರ ಹಿಂದೆ ಬಹಮನಿ ರಾಜ್ಯವೂ ಒಡೆದು ಐದು ಪಾಲಾಯಿತು. ದಾಖಲೆ ಬರೆಯುವ ವಿದ್ಯೆಗೆ ಪುಸ್ತಕ ಬರೆದವರನ್ನು ಒಂದು ಖಾಲಿ ಕಾಗದ ಕೊಂದಿತು. ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಮಾಡುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರು ಬೀದರಿಗೆ ಹೋದಾಗ ಆ ಮದರಸಾದ ಮುಂದೆ ಒಂದು ನಿಮಿಷ ನಿಂತು ಬರಲಿ.

ಬಹಮನಿ, ಬರೀದಶಾಹಿ, ಮೊಗಲರು, ನಿಜಾಮರು. ನಮ್ಮ ಸೀಮೆಯ ಕಾಗದಗಳು ಮೊದಲು ಫಾರಸಿ, ಆಮೇಲೆ ಉರ್ದು, ನಡುನಡುವೆ ಮರಾಠಿ ಭಾಷೆಯ ಮೋಡಿ ಲಿಪಿ ಹೀಗೆ ಸಾಗಿದವು. ಶಾನಭೋಗ ಹೋಗಿ ಪಟವಾರಿ ಬಂದ. ಆ ಭಾಷೆಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾವು ಆಡುವ ಕನ್ನಡದಲ್ಲಿ ದಫ್ತರ್, ದಾಖಲೆ, ಅರ್ಜಿ, ವಕೀಲ, ಜಮೀನು, ಎಲ್ಲವೂ ಅಲ್ಲಿಂದಲೇ ಬಂದವು. ಆದರೆ ಹೊಲದ ಒಡೆಯ ಒಂದು ಭಾಷೆ, ಹೊಲದ ಕಾಗದ ಇನ್ನೊಂದು ಭಾಷೆ ಆದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಮುತ್ಯಾನ ಸಂದೂಕದಲ್ಲಿ ಒಂದು ಉರ್ದು ಕಾಗದವಿತ್ತು. ಕೆಳಗೆ ಮುತ್ಯಾನ ಹೆಬ್ಬೆಟ್ಟು, ಮೇಲೆ ಫಸಲಿ 1362 ಎಂಬ ವರ್ಷ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಅಂದರೆ 1952ರ ಸುಮಾರು. ಒಂದು ಬರಗಾಲದಲ್ಲಿ ಎರಡು ಎಕರೆ ಮಾರಿದ ಕಾಗದ ಅದು ಎಂದು ಮನೆಯವರೆಲ್ಲ ತಿಳಿದಿದ್ದರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಉರ್ದು ಬಲ್ಲ ಒಬ್ಬ ಹಿರಿಯ ಗುರುಗಳು ಮನೆಗೆ ಬಂದಿದ್ದರು. ಅಪ್ಪ ಆ ಕಾಗದ ಅವರ ಕೈಗೆ ಕೊಟ್ಟರು. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, "ಇದು ಬೈನಾಮಾ ಅಲ್ಲಪಾ, ರಹನ್‌ನಾಮಾ ಅದ" ಎಂದರು. ಬೈನಾಮಾ ಎಂದರೆ ಮಾರಾಟ, ರಹನ್‌ನಾಮಾ ಎಂದರೆ ಅಡವು. ಸಾಲ ತೀರಿಸಿದರೆ ಹೊಲ ತಿರುಗಿ ನಮ್ಮದು. ಅಪ್ಪ ವಕೀಲರ ಹತ್ತಿರ ಹೋದರು. ಅಡವು ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷದ ಮುದ್ದತು ಇದೆ, ಅದು ಎಂದೋ ಮುಗಿದಿದೆ ಎಂದು ವಕೀಲರು ಹೇಳಿದರು.

ಇದರಲ್ಲಿ ಮೋಸ ನಡೆದಿದೆ ಎಂದು ನಾನು ಹೇಳಲಾರೆ. ಕಾಗದ ಸತ್ಯವಾಗಿಯೇ ಇತ್ತು. ಬರೆದವನು ರಹನ್ ಎಂದೇ ಬರೆದಿದ್ದ. ಸಾಕ್ಷಿಗಳಿದ್ದರು, ದಿನಾಂಕವಿತ್ತು, ಸ್ಟಾಂಪು ಇತ್ತು. 50 ವರ್ಷ ಅದು ನಮ್ಮ ಪರವಾಗಿಯೇ ಸಂದೂಕದಲ್ಲಿ ಕೂತಿತ್ತು. ಓದುವವರು ಇರಲಿಲ್ಲ ಅಷ್ಟೆ. ಆ ದಿನ ಅವ್ವ ಒಂದು ಮಾತಂದಳು: "ಹೊಲ ಹೋಗಿದ್ದು ಸಾಲಕ್ಕಲ್ಲ, ಅಕ್ಷರಕ್ಕ." ವಿಜ್ಞಾನೇಶ್ವರನ ಆ ನಿಯಮವನ್ನು ನಾನು ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಓದಿದಾಗ ಅವ್ವನ ಮಾತೇ ನೆನಪಾಯಿತು.

ಈಗಿನ ಕಾಲಕ್ಕೆ ಬರುತ್ತೇನೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಕನ್ನಡ ನಾಡಿಗೆ ಸೇರಿತು. ಪಹಣಿ ಕನ್ನಡಕ್ಕೆ ಬಂತು. ಆಮೇಲೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿ, 2002ರ ಹೊತ್ತಿಗೆ ಕೈಬರಹದ ಪಹಣಿ ನಿಲ್ಲಿಸಿದರು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಕಂಪ್ಯೂಟರ್‌ನಲ್ಲಿ ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಇಂಥವರ ಮಗ ಇಂಥವನಾದ ನಾನು ಇದನ್ನು ಬರೆದೆ ಎಂದು ಸೇನಬೋವ ಬರೆಯುತ್ತಿದ್ದನಲ್ಲ, ಅದರ ಇಂದಿನ ರೂಪ ಇದು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೂ ಮಾನ್ಯತೆ ಕೊಟ್ಟಿತು. ಅದನ್ನು ಸರಳವಾಗಿ ಹೇಳುತ್ತೇನೆ. ದಾಖಲೆಯ ಎಲ್ಲ ಅಕ್ಷರಗಳನ್ನು ಒಂದು ಲೆಕ್ಕಕ್ಕೆ ಹಾಕಿ ಒಂದು ದೊಡ್ಡ ಸಂಖ್ಯೆ ತೆಗೆಯುತ್ತೇವೆ. ಆ ಸಂಖ್ಯೆಯನ್ನು, ಸಹಿ ಮಾಡುವವನ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಬೀಗ ಹಾಕುತ್ತೇವೆ. ಆಮೇಲೆ ಯಾರಾದರೂ 2 ಎಕರೆಯನ್ನು 3 ಎಕರೆ ಎಂದು ತಿದ್ದಿದರೆ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರ್ ತಕ್ಷಣ ಹೇಳುತ್ತದೆ. ಇಂಥ ಸಹಿಯ ಕೆಳಗೆ ಆಮೇಲೆ ಏನನ್ನೂ ತುಂಬಲು ಬರುವುದಿಲ್ಲ. ಆದರೆ ಗುಟ್ಟಿನ ಕೀಲಿಯನ್ನೇ ಬೇರೆಯವರ ಕೈಗೆ ಕೊಟ್ಟರೆ? ಅದು ಗವಾನರ ಮುದ್ರೆ ಕುಡುಕನ ಕೈಗೆ ಸಿಕ್ಕಂತೆಯೇ. ಮೊಬೈಲಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಬಡಿದುಕೊಳ್ಳುವುದು ಇದೇ ಕಾರಣಕ್ಕೆ.

ಕಂಪ್ಯೂಟರ್ ತಿದ್ದಿದ್ದನ್ನು ಹಿಡಿಯುತ್ತದೆ. ಮೊದಲೇ ತಪ್ಪಾಗಿ ಬರೆದದ್ದನ್ನು ಅದು ಹಿಡಿಯಲಾರದು. ಶರಣಪ್ಪ ಎಂದಿರುವುದು ಶರಣಬಸಪ್ಪ ಎಂದು ಏರಿದರೆ, ಅದು ಬಹಳ ಭದ್ರವಾಗಿ ಶರಣಬಸಪ್ಪ ಎಂದೇ ಕಾಯುತ್ತದೆ. ಅದನ್ನು ಹಿಡಿಯಬೇಕಾದವರು ಕಿಟಕಿಯ ಈಚೆ ನಿಂತ ನಾವು. ಕೈಗೆ ಬಂದ ಪಹಣಿಯನ್ನು ಅಲ್ಲೇ ನಿಂತು ಓದುವವರು ಎಷ್ಟು ಜನ? ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬಸ್ ಹತ್ತುತ್ತೇವೆ.

ನಮ್ಮ ಶಾಲೆಯೂ ದಾಖಲೆಯ ಮನೆಯೇ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ನಿಮ್ಮ ಜೀವಮಾನವಿಡೀ ನಿಮ್ಮ ಹಿಂದೆ ಬರುತ್ತವೆ. ಟಿ.ಸಿ., ಅಂಕಪಟ್ಟಿ, ಪಾಸ್‌ಪೋರ್ಟ್, ನೌಕರಿ, ಪಿಂಚಣಿ, ಎಲ್ಲಕ್ಕೂ ಮೂಲ ಅದೇ. ನಮ್ಮ ಭಾಗದ ಎಷ್ಟೋ ಹಿರಿಯರ ಹುಟ್ಟುಹಬ್ಬ ಜೂನ್ 1 ಇರುವುದು ಯಾಕೆಂದು ನಿಮಗೆ ಗೊತ್ತು. ಶಾಲೆ ಆರಂಭವಾಗುವ ದಿನವೇ ಅವರು ಹುಟ್ಟಿದ ದಿನವಾಯಿತು. ಈ ಶಾಲೆಯಲ್ಲಿ ಆ ಪುಸ್ತಕಗಳನ್ನು ದುಂಡು ಅಕ್ಷರದಲ್ಲಿ ಬರೆದು, ಗೆದ್ದಲು ಹತ್ತದಂತೆ ಕಾಯ್ದುಕೊಂಡು ಬಂದ ಗುರುಗಳಿಗೂ ಗುಮಾಸ್ತರಿಗೂ ಈ ಸುವರ್ಣ ಮಹೋತ್ಸವದಲ್ಲಿ ಒಂದು ನಮಸ್ಕಾರ ಸಲ್ಲಬೇಕು. ಅವರು ನಮ್ಮೂರಿನ ಕಡಿತವೆರ್ಗಡೆಗಳು.

ಇನ್ನೊಂದು ಮಾತನ್ನು ಹಿರಿಯರಿಗೆ ಹೇಳಬೇಕು. ನೋಟರಿ ಮಾಡಿಸಿದ ಬಾಂಡ್ ಇದೆ, ಪ್ಲಾಟು ನನ್ನದು ಎಂದು ನಂಬಿದವರು ಬಹಳ ಜನ ಇದ್ದಾರೆ. ನೋಟರಿ 1952ರ ಕಾಯ್ದೆಯಂತೆ ನೇಮಕವಾದ ವಕೀಲರು. ತಮ್ಮ ಎದುರಿಗೆ ಈ ಸಹಿ ಆಯಿತು ಎಂದು ದೃಢೀಕರಿಸಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದು ಒಳ್ಳೆಯ ಸಾಕ್ಷಿ. ಆದರೆ 100 ರೂಪಾಯಿಗೆ ಮೇಲ್ಪಟ್ಟ ಬೆಲೆಯ ಹೊಲ, ಮನೆ, ಪ್ಲಾಟಿನ ಖರೀದಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದೆ ಪಕ್ಕಾ ಆಗುವುದಿಲ್ಲ. ನೋಂದಣಿ ಆದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಬೇಕು. ಸಾಕ್ಷಿ ಹೇಳುವವರು ಬೇರೆ, ಹಕ್ಕು ದಾಖಲಿಸುವವರು ಬೇರೆ. 900 ವರ್ಷದ ಹಿಂದೆಯೂ ಸಾಕ್ಷಿ ಬೇರೆ, ಬರಹಗಾರ ಬೇರೆ, ಮುದ್ರೆ ಬೇರೆಯೇ ಇತ್ತು.

ತಮ್ಮ ತಂಗಿಯರೇ, ನಿಮಗೆ ನಾನು ಕೊಡುವ ಮನೆಗೆಲಸ ಚಿಕ್ಕದು. ಈ ಭಾನುವಾರ ಮನೆಯಲ್ಲಿರುವ ಪಹಣಿ ತೆಗೆದುಕೊಂಡು ಅಪ್ಪ ಅವ್ವನ ಮುಂದೆ ಗಟ್ಟಿಯಾಗಿ ಓದಿ. ಸರ್ವೆ ನಂಬರ್, ಎಕರೆ ಗುಂಟೆ, ಹೆಸರು, ಸಾಲದ ಕಾಲಂ, ಒಂದನ್ನೂ ಬಿಡಬೇಡಿ. ತಿಳಿಯದ ಶಬ್ದಕ್ಕೆ ಗುರುತು ಹಾಕಿ, ಸೋಮವಾರ ಗುರುಗಳನ್ನು ಕೇಳಿ. ಸಂದೂಕದಲ್ಲಿ ಉರ್ದು ಅಥವಾ ಮೋಡಿ ಕಾಗದ ಇದ್ದರೆ ಫೋಟೋ ತೆಗೆದಿಟ್ಟುಕೊಂಡು, ಓದಬಲ್ಲ ಹಿರಿಯರು ಇನ್ನೂ ಇರುವಾಗಲೇ ಓದಿಸಿ. ಹೊಲದಲ್ಲಿ, ಗುಡಿಯ ಹಿಂದೆ ಅಕ್ಷರದ ಕಲ್ಲು ಕಂಡರೆ ಅದರ ಮೇಲೆ ಬಣ್ಣ ಬಳಿಯಬೇಡಿ, ಬಟ್ಟೆ ಒಗೆಯಬೇಡಿ, ಗುರುಗಳಿಗೆ ತಿಳಿಸಿ. ಓದದೆ ಸಹಿ ಮಾಡಬೇಡಿ. ಖಾಲಿ ಕಾಗದಕ್ಕೆ ಯಾರೇ ಕೇಳಿದರೂ, ಸ್ವಂತ ಕಾಕಾನೇ ಕೇಳಿದರೂ, ಸಹಿ ಹಾಕಬೇಡಿ.

ನಿಮ್ಮಲ್ಲಿ ಕೆಲವರು ನಾಳೆ ಗ್ರಾಮ ಆಡಳಿತ ಅಧಿಕಾರಿಗಳಾಗುತ್ತೀರಿ, ವಕೀಲರಾಗುತ್ತೀರಿ, ಬ್ಯಾಂಕಿನಲ್ಲಿ ಕೂರುತ್ತೀರಿ, ನನ್ನಂತೆ ಸಾಫ್ಟ್‌ವೇರ್ ಬರೆಯುತ್ತೀರಿ. ಆಗ ನೀವೇ ಸೇನಬೋವರು. ನಿಮ್ಮ ಎದುರಿಗೆ ಅಕ್ಷರ ಬಾರದ ಒಬ್ಬ ಮುತ್ಯಾ ಬಂದು ನಿಂತಾಗ, ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಆ ಕಾಗದವನ್ನು ಅವನ ಮಾತಿನಲ್ಲಿ ಒಮ್ಮೆ ಓದಿ ಹೇಳಿ. ಎರಡು ನಿಮಿಷದ ಕೆಲಸ. ನಮ್ಮ ಮನೆಯ ಲೆಕ್ಕದಲ್ಲಿ ಅದರ ಬೆಲೆ ಎರಡು ಎಕರೆ.